ಜೋಡಿ ಸಿಗದ ಹಕ್ಕಿಗಳು

ಮಾತು ಕಲಿತ ದಿನದಿಂದ “ಯಾಕೆ?” ಎಂದು ಕೇಳುತ್ತಲೇ ಬೆಳೆದವಳಾದ್ದರಿಂದ ಮನೆಯಲ್ಲಿ ಅವಳಿಗೆ ಯಾಕಮ್ಮ ಎಂದೇ ಹೆಸರು ಬಿದ್ದಿತ್ತು. ಹಾಲು ಉಕ್ಕುತ್ತದೆ, ನೀರು ಯಾಕೆ ಉಕ್ಕುವುದಿಲ್ಲ? ಮಳೆ ಬಂದಾಗ ಬಾಗಿಲು ಯಾಕೆ ಬಿಗಿಯಾಗುತ್ತದೆ? ಅಕ್ಕನನ್ನು ಮದುವೆಯಾಗಬೇಕೆಂದಿದ್ದವನು ಮೊದಲ ಸಲ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಮುದುಡಿ ಕೂತಿದ್ದಾಗ, ಅವನ ಎರಡು ಕಾಲಿನ ಕಾಲುಚೀಲಗಳು ಯಾಕೆ ಬೇರೆ ಬೇರೆ ಬಣ್ಣದವು ಎಂದು ಎಲ್ಲರೆದುರು ಕೇಳಿ ಅವನು ನೆಲ ನೋಡುವಂತೆ ಮಾಡಿದ್ದಳು. ಅವನೇ ಈಗ ಅವಳ ಭಾವ. ಆ ಮಾತನ್ನು ಅವನು ಇವತ್ತಿಗೂ ಮರೆತಿಲ್ಲ. ನಾದಿನಿ ಏನಾದರೂ ಕೇಳಲು ಬಾಯಿ ತೆರೆದರೆ ಸಾಕು, ಮೊದಲು ತನ್ನ ಪಾದ ನೋಡಿಕೊಳ್ಳುತ್ತಾನೆ.

ಓದು ಮುಗಿದ ಮೇಲೆ ಯಾಕಮ್ಮನಿಗೆ ಕೆಲಸ ಸಿಕ್ಕಿದ್ದು ಕಡಲಹಕ್ಕಿಗಳ ಅಧ್ಯಯನ ಕೇಂದ್ರದಲ್ಲಿ. ಹೆಸರು ದೊಡ್ಡದು, ಇದ್ದದ್ದು ಎರಡೇ ಕೋಣೆ. ಕೆಳಗೆ ಹಗ್ಗ ಮತ್ತು ಬಲೆ ಮಾರುವ ಅಂಗಡಿ. ಟಾರಿನ ವಾಸನೆ ಮೆಟ್ಟಿಲು ಹತ್ತಿಕೊಂಡು ಮೇಲಕ್ಕೇ ಬರುತ್ತಿತ್ತು. ಕೇಂದ್ರದ ನಿರ್ದೇಶಕರು ಆಯಸ್ಸಿನ ಅರ್ಧವನ್ನು ಹಕ್ಕಿಗಳ ಹಿಂದೆ ಕಳೆದವರು. ಅವರ ಮುಂಗೈಯ ತುಂಬ ಕೊಕ್ಕಿನ ಗಾಯದ ಗುರುತುಗಳು. ಪ್ರತಿ ವರ್ಷ ಮರಿಗಳ ಕಾಲದಲ್ಲಿ ಅವರು ದೋಣಿಯಲ್ಲಿ ಎದುರಿನ ದ್ವೀಪಕ್ಕೆ ಹೋಗಿ, ಇನ್ನೂ ಹಾರಲು ಬಾರದ ಮರಿಗಳನ್ನು ಹಿಡಿದು, ಒಂದೊಂದರ ಎಡಗಾಲಿಗೂ ಮೂರು ಪುಟ್ಟ ಬಣ್ಣದ ಬಳೆಗಳನ್ನು ತೊಡಿಸಿ ಬಿಡುತ್ತಿದ್ದರು. ಒಂದು ಹಕ್ಕಿಗೆ ಕೊಟ್ಟ ಬಣ್ಣಗಳ ಸಾಲು ಇನ್ನೊಂದಕ್ಕಿಲ್ಲ. ಆ ಸಾಲೇ ಅದರ ಹೆಸರು. ಮುಂದೆ ಅದು ಎಲ್ಲಿಗೇ ಹಾರಿಹೋಗಲಿ, ದುರ್ಬೀನು ಇಟ್ಟುಕೊಂಡವರು ಯಾರಾದರೂ ಕಾಲಿನ ಬಣ್ಣ ಓದಿ ಕೇಂದ್ರಕ್ಕೆ ತಿಳಿಸಿದರೆ, ಅದು ಬದುಕಿದೆ, ಇಂಥ ಕಡೆ ಇದೆ ಎಂದು ಗೊತ್ತಾಗುತ್ತಿತ್ತು.

ಯಾಕಮ್ಮನ ಕೆಲಸ ಕಂಪ್ಯೂಟರಿನದು. ಅದರಲ್ಲಿ ಎರಡು ಟೇಬಲ್‌ಗಳಿದ್ದವು. ಬಳೆ ತೊಟ್ಟ ಹಕ್ಕಿಗಳದ್ದು ಒಂದು: ಬಣ್ಣ, ಗಂಡೋ ಹೆಣ್ಣೋ, ಹುಟ್ಟಿದ ವರ್ಷ, ಗೂಡಿದ್ದ ಜಾಗ, ತಿಳಿದಿದ್ದರೆ ತಾಯಿ ಯಾವುದು ಎನ್ನುವುದು. ಕಂಡವರು ಕಳಿಸಿದ ಸುದ್ದಿಯದ್ದು ಇನ್ನೊಂದು: ಯಾವ ಬಣ್ಣ, ಯಾವ ಊರು, ಯಾವ ದಿನ, ಕೊನೆಗೆ ಏನಾದರೂ ಬರೆಯುವುದಿದ್ದರೆ ಒಂದು ಖಾಲಿ ಜಾಗ. ಎರಡನ್ನೂ ಬಣ್ಣದ ಮೇಲೆ ಜೋಡಿಸಿದರೆ ಪ್ರತಿ ಹಕ್ಕಿಯ ಕಥೆ ಒಂದೇ ಸಾಲಿಗೆ ಬರುತ್ತದೆ. ಜೋಡಿಸುವ ಕ್ವೆರಿಯನ್ನು, ಎಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಯನ್ನು, ಹಿಂದೆ ಇದ್ದವನು ಬರೆದಿಟ್ಟು ಬೇರೆ ಕೆಲಸಕ್ಕೆ ಹೋಗಿದ್ದ. ಗುಂಡಿ ಒತ್ತಿದರೆ ವರದಿ ಬರುತ್ತಿತ್ತು. ಸುದ್ದಿ ಕಳಿಸಿದವರಿಗೆ “ನೀವು ಕಂಡ ಹಕ್ಕಿ ಇಂಥಾದ್ದು” ಎಂಬ ಉತ್ತರವೂ ತಾನಾಗಿಯೇ ಹೋಗುತ್ತಿತ್ತು.

ಗುಂಡಿ ಒತ್ತಿ ಸುಮ್ಮನೆ ಕೂರುವ ಜಾತಿಯವಳಲ್ಲ ಯಾಕಮ್ಮ. ಕಂಡವರ ಟೇಬಲ್‌ನಲ್ಲಿ ಇಷ್ಟೊಂದು ಸಾಲುಗಳಿವೆ, ಜೋಡಿಸಿದ ಮೇಲೆ ಯಾಕೆ ಕಡಿಮೆಯಾಗುತ್ತವೆ ಎಂಬುದು ಅವಳ ಮೊದಲ ವಾರದ ಪ್ರಶ್ನೆ. ಉತ್ತರ ಕಷ್ಟದ್ದೇನಲ್ಲ. ಹಿಂದಿನವನು ಬರೆದ ಜೋಡಣೆ ಎರಡೂ ಕಡೆ ಹೊಂದುವ ಸಾಲುಗಳನ್ನಷ್ಟೇ ಎತ್ತಿಕೊಳ್ಳುತ್ತಿತ್ತು. ಜೋಡಿ ಇರುವ ಚಪ್ಪಲಿಗಳನ್ನು ಒಳಗಿಟ್ಟು ಒಂಟಿ ಚಪ್ಪಲಿಗಳನ್ನು ಬೀದಿಗೆ ಎಸೆದ ಹಾಗೆ. ಎಸೆದದ್ದಕ್ಕೆ ಕಂಪ್ಯೂಟರು ತಕರಾರು ಮಾಡುವುದಿಲ್ಲ, ತಪ್ಪು ಎಂದು ಕೆಂಪು ಅಕ್ಷರವನ್ನೂ ತೋರಿಸುವುದಿಲ್ಲ. ಅವಳು ಒಂದು ಪದ ಬದಲಾಯಿಸಿದಳು: ಕಂಡವರ ಟೇಬಲ್‌ನ ಎಲ್ಲ ಸಾಲುಗಳೂ ಬರಲಿ, ಆ ಕಡೆ ಹಕ್ಕಿ ಸಿಗದಿದ್ದರೆ ಜಾಗ ಖಾಲಿ ಇರಲಿ. ಆಮೇಲೆ ಆ ಖಾಲಿ ಜಾಗದ ಸಾಲುಗಳನ್ನು ಮಾತ್ರ ಮುಂದಿಟ್ಟುಕೊಂಡಳು.

ಅಲ್ಲೊಂದು ಇಲ್ಲೊಂದು ಇರುತ್ತವೆ ಎಂದುಕೊಂಡಿದ್ದಳು. ದೂರದಿಂದ ಬಣ್ಣ ತಪ್ಪಾಗಿ ಕಾಣುವುದು ಸಹಜ. ಅಂಥವೂ ಇದ್ದವು. ಆದರೆ ಉಳಿದ ಗುಡ್ಡೆಯೆಲ್ಲ ಒಬ್ಬರೇ ಕಳಿಸಿದ್ದು. ದಕ್ಷಿಣಕ್ಕಿರುವ ಒಂದು ಬಂದರಿನ ಊರು. ವರ್ಷವರ್ಷವೂ ಚಳಿ ಶುರುವಾದ ಕೂಡಲೇ ಆರಂಭ, ಬಿಸಿಲು ಏರಿದ ಮೇಲೆ ನಿಲುಗಡೆ. ಕಳಿಸಿದವರ ಹೆಸರಿರಲಿಲ್ಲ, ಒಂದು ಫೋನ್ ನಂಬರು ಮಾತ್ರ. ಕೊನೆಯ ಖಾಲಿ ಜಾಗದಲ್ಲಿ ಪ್ರತಿ ಸಲವೂ ಏನಾದರೊಂದು ಮಾತು. “ಐಸ್ ಕಾರ್ಖಾನೆಯ ಛಾವಣಿ. ಬಲಗಾಲು ಕುಂಟುತ್ತಿದೆ.” “ನಿನ್ನೆಯದೇ ಹಕ್ಕಿ, ಇವತ್ತು ಸಿಟ್ಟಿನಲ್ಲಿದೆ.” “ನಡುವಿನ ಬಳೆ ಕಾಣಿಸಲಿಲ್ಲ, ಊಹಿಸಿ ಬರೆಯುವುದಿಲ್ಲ.” ಹೀಗೇ ಕೆಳಗಿಳಿಯುತ್ತ ಹೋದವಳು ಒಂದು ಸಾಲಿನಲ್ಲಿ ನಿಂತುಬಿಟ್ಟಳು. ಅಲ್ಲಿ ಬರೆದಿದ್ದದ್ದು ಇಷ್ಟೇ: “ಇದನ್ನು ಯಾರಾದರೂ ಓದುತ್ತೀರಾ?”

ಉತ್ತರ ಹೋಗುತ್ತಿದ್ದದ್ದು ಜೋಡಿ ಸಿಕ್ಕ ಸಾಲುಗಳಿಗೆ ಮಾತ್ರ. ಈ ಮನುಷ್ಯ ಇಷ್ಟು ವರ್ಷ ಬರೆದದ್ದರಲ್ಲಿ ಜೋಡಿ ಸಿಕ್ಕಿದ್ದು ಬೆರಳೆಣಿಕೆಯಷ್ಟು.

ಅವಳು ನಿರ್ದೇಶಕರ ಬಳಿ ಹೋಗಿ ತೋರಿಸಿದಳು. ಅವರು ಆ ವಾರ ವಾರ್ಷಿಕ ವರದಿಯ ಕೊನೆಯ ಪುಟಗಳಲ್ಲಿ ಮುಳುಗಿದ್ದರು, ಮನಸ್ಸೂ ನೆಟ್ಟಗಿರಲಿಲ್ಲ. ದ್ವೀಪದ ಮರಿಗಳಲ್ಲಿ ಹೆಚ್ಚಿನವು ಹಾರಿಹೋದ ಮೇಲೆ ಮತ್ತೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೊದಲ ಚಳಿಗಾಲವನ್ನೇ ದಾಟದೆ ಸಾಯುತ್ತಿವೆ ಎಂದು ಅವರು ತೀರ್ಮಾನಕ್ಕೆ ಬಂದಿದ್ದರು. ಮುಂದಿನ ವರ್ಷದಿಂದ ಮೊಟ್ಟೆಗಳನ್ನೇ ಎತ್ತಿ ಇನ್ನೊಂದು ದ್ವೀಪಕ್ಕೆ ಸಾಗಿಸಬೇಕೆಂಬ ಶಿಫಾರಸನ್ನು ಒಲ್ಲದ ಮನಸ್ಸಿನಿಂದ ಬರೆಯುತ್ತಿದ್ದರು. ಯಾಕಮ್ಮ ತೋರಿಸಿದ ಬಣ್ಣದ ಸಾಲುಗಳನ್ನು ಅವರು ಕಣ್ಣಾಡಿಸಿ ನೋಡಿ, ಇಂಥ ಬಣ್ಣ ತಾವು ಕೊಟ್ಟೇ ಇಲ್ಲ ಎಂದರು.

“ನೋಡಮ್ಮ, ಒಂದು ಸಲ ತಪ್ಪು ಓದಬಹುದು, ಎರಡು ಸಲ ಓದಬಹುದು. ಓದಿದ್ದೆಲ್ಲಾ ತಪ್ಪು ಅಂದ್ರೆ ಅವರು ಹಕ್ಕಿ ನೋಡ್ತಾನೇ ಇಲ್ಲ. ಮನೇಲಿ ಕೂತು ಕಥೆ ಕಟ್ತಿದಾರೆ.”

“ಕಥೆ ಕಟ್ಟೋರು ಬಳೆ ಕಾಣಿಸಲಿಲ್ಲ ಅಂತ ಯಾಕೆ ಬರೀತಾರೆ ಸರ್? ಒಂದು ಬಣ್ಣ ಸೇರಿಸಿಬಿಡ್ತಿದ್ರು.”

ನಿರ್ದೇಶಕರು ಕನ್ನಡಕ ತೆಗೆದು ಅವಳನ್ನು ನೋಡಿದರು. ವರದಿ ಕಳಿಸಲು ಇನ್ನೂ ಒಂದು ವಾರವಿದೆ, ಬೇಕಿದ್ದರೆ ವಿಚಾರಿಸು ಎಂದು ಹೇಳಿ ಮತ್ತೆ ಕಾಗದಕ್ಕೆ ತಲೆ ಬಗ್ಗಿಸಿದರು.

ಯಾಕಮ್ಮ ತನ್ನ ಮೇಜಿಗೆ ಬಂದವಳೇ ಆ ನಂಬರಿಗೆ ಫೋನ್ ಮಾಡಿದಳು. ಆ ಕಡೆಯಿಂದ ಒಂದು ಹೆಣ್ಣುದನಿ, ಇವಳಿಗೆ ಬಾಯಿ ತೆರೆಯಲು ಬಿಡದೆ, ಶನಿವಾರ ಬೆಳಿಗ್ಗೆ ಸಮಯವಿದೆ, ಮೇಲಿನ ಹಲ್ಲೋ ಕೆಳಗಿನ ಹಲ್ಲೋ ಎಂದು ಕೇಳಿತು. ಅದು ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಹಕ್ಕಿ ಎಂದು ಶುರುಮಾಡಬೇಕಿದ್ದವಳು ತಬ್ಬಿಬ್ಬಾದಳು. ಭಾವ ವಾರದಿಂದ ದವಡೆ ಊದಿಸಿಕೊಂಡು, ಲವಂಗ ಕಚ್ಚಿಕೊಂಡು, ಡಾಕ್ಟರ ಹೆಸರೆತ್ತಿದರೆ ಎದ್ದುಹೋಗುತ್ತಿದ್ದದ್ದು ಥಟ್ಟನೆ ನೆನಪಾಯಿತು. “ಕೆಳಗಿನದು, ಎಡಗಡೆ,” ಎಂದುಬಿಟ್ಟಳು.

ಮನೆಯಲ್ಲಿ ವಿಷಯ ತಿಳಿದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡನನ್ನು ಕ್ಲಿನಿಕ್ಕಿಗೆ ಅಟ್ಟಲು ತಾನು ಪಟ್ಟ ಪಾಡು ಒಂದೆರಡಲ್ಲ, ಕಡೆಗೆ ಹಕ್ಕಿಯ ನೆಪದಲ್ಲಾದರೂ ಆಯಿತಲ್ಲ ಎಂದಳು. ಭಾವ ಮಾತ್ರ ಮುಖ ಗಂಟುಹಾಕಿಕೊಂಡು, ಹಕ್ಕಿ ನಿನ್ನದು, ಹಲ್ಲು ನನ್ನದು, ಇದು ಯಾವ ನ್ಯಾಯ ಎಂದು ಗೊಣಗಿದ. ಆದರೂ ಶನಿವಾರ ಬೆಳಿಗ್ಗೆ, ಸೋಫಾ ಮತ್ತು ಮಂಚ ಸಾಗಿಸುವ ತನ್ನ ವ್ಯಾನನ್ನು ಅವನೇ ಹೊರಡಿಸಿದ. ನೋವು ಅಷ್ಟಿತ್ತು.

ಕ್ಲಿನಿಕ್ಕು ಮೀನಿನ ಬಂದರಿನ ಮೂಲೆಯ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಒಳಗೆ ಕಾಲಿಟ್ಟ ಕೂಡಲೇ ಯಾಕಮ್ಮನ ಕಣ್ಣಿಗೆ ಬಿದ್ದದ್ದು ರೋಗಿಗಳ ಕುರ್ಚಿಯಲ್ಲ, ಅದರ ಪಕ್ಕ ಕಿಟಕಿಗೆ ಮುಖಮಾಡಿ ಮೂರು ಕಾಲಿನ ಮೇಲೆ ನಿಂತಿದ್ದ ದೊಡ್ಡ ದುರ್ಬೀನು. ಕಿಟಕಿಯ ಹೊರಗೆ ದೋಣಿಗಳ ಸಾಲು, ಅದರಾಚೆ ಐಸ್ ಕಾರ್ಖಾನೆಯ ತಗಡಿನ ಛಾವಣಿ, ಛಾವಣಿಯ ಅಂಚಿನ ಉದ್ದಕ್ಕೂ ಬಿಳಿ ಹಕ್ಕಿಗಳು. ಡಾಕ್ಟರಮ್ಮ ಎತ್ತರದ ಹೆಂಗಸು, ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮಾತು ಕತ್ತರಿಸಿದ ಹಾಗೆ. ಸಹಾಯಕಿ ಮಗುವಿಗೆ ಜ್ವರವೆಂದು ಆಗಷ್ಟೇ ಮನೆಗೆ ಹೋಗಿದ್ದಳು. ಭಾವನನ್ನು ಕುರ್ಚಿಯಲ್ಲಿ ಒರಗಿಸಿ ದೀಪ ಹತ್ತಿಸಿದ ಡಾಕ್ಟರಮ್ಮ ಯಾಕಮ್ಮನ ಕೈಗೆ ಪೆನ್ನು ಕೊಟ್ಟು, ತಾವು ಹೇಳಿದ್ದನ್ನು ಬರೆದುಕೋ ಎಂದರು. ತಾನು ಯಾರೆಂದು ಹೇಳಲು ಅವಳಿಗೆ ಸಂದೇ ಸಿಗಲಿಲ್ಲ.

ಡಾಕ್ಟರಮ್ಮ ಒಂದೊಂದೇ ಹಲ್ಲು ತಟ್ಟುತ್ತ ಹೇಳತೊಡಗಿದರು. ಇದು ಸರಿ, ಇದು ಸರಿ, ಇದಕ್ಕೆ ತೂತು, ಇದು ಇಲ್ಲ. ಯಾಕಮ್ಮ ಬರೆದಳು. ಮೇಲಿನ ಸಾಲು ಮುಗಿದರೂ ನೋವಿನ ಹಲ್ಲಿನ ಹತ್ತಿರ ಅವರು ಸುಳಿಯಲೇ ಇಲ್ಲ. ಭಾವನ ಕಣ್ಣಲ್ಲಿ ನೀರು.

“ನೋವಿರೋದು ಕೆಳಗಡೆ ಅಲ್ವಾ ಡಾಕ್ಟ್ರೇ? ಮೇಲಿಂದ ಯಾಕೆ ಶುರು ಮಾಡಿದ್ರಿ?”

“ನಾನು ಯಾವಾಗ್ಲೂ ಮೇಲಿಂದಾನೇ ಶುರು ಮಾಡೋದು. ಮೇಲೆ ಮುಗಿಸಿ ಕೆಳಗೆ. ಓದೋ ಕಾಲದಿಂದ ಹಾಗೇ ಕೈ ಕೂತಿದೆ.”

ಯಾಕಮ್ಮನ ಪೆನ್ನು ನಿಂತಿತು. ಕೇಂದ್ರದಲ್ಲಿ ಕಾಲಿನ ಬಳೆಗಳನ್ನು ಪಾದದ ಕಡೆಯಿಂದ ಮೇಲಕ್ಕೆ ಓದುವುದು ಪದ್ಧತಿ. ಬಳೆ ತೊಡಿಸುವವನಿಗೆ ಕೈಯಲ್ಲಿ ತಲೆಕೆಳಗಾಗಿ ಹಿಡಿದ ಮರಿಯ ಪಾದವೇ ಮೊದಲು ಸಿಗುತ್ತದೆ, ಹಾಗಾಗಿ ಬಂದ ರೂಢಿ ಅದು. ಹಕ್ಕಿ ನೋಡುವ ಗುಂಪುಗಳಲ್ಲಿ ಪಳಗಿದವರಿಗೆಲ್ಲ ಗೊತ್ತು. ಆದರೆ ಸುದ್ದಿ ಕಳಿಸುವ ಪುಟದಲ್ಲಿ ಮೊದಲ ಬಣ್ಣ, ಎರಡನೆಯದು, ಮೂರನೆಯದು ಎಂದಷ್ಟೇ ಇತ್ತು. ಎಲ್ಲಿಂದ ಎಣಿಸಬೇಕೆಂದು ಎಲ್ಲೂ ಬರೆದಿರಲಿಲ್ಲ.

ಅವಳು ತಾನು ಬಂದ ಕಾರಣ ಹೇಳಿದಳು. ಹಕ್ಕಿಯ ಕೇಂದ್ರದವಳು, ನೀವು ಕಳಿಸಿದ್ದನ್ನೆಲ್ಲ ಓದಿದ್ದೇನೆ ಎಂದಳು. ಡಾಕ್ಟರಮ್ಮ ಕೈಯಲ್ಲಿದ್ದ ಸಲಕರಣೆಯನ್ನು ತಟ್ಟೆಯಲ್ಲಿಟ್ಟರು, ಮುಖದ ಮುಸುಕನ್ನು ಗಲ್ಲಕ್ಕೆ ಇಳಿಸಿದರು.

“ಎಲ್ಲಾನೂ?”

“ಎಲ್ಲಾನೂ. ಸಿಟ್ಟಿನಲ್ಲಿದ್ದ ಹಕ್ಕಿದೂ ಓದಿದೀನಿ.”

ಬಂದ ನಗುವನ್ನು ಅಡಗಿಸಲು ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿದರು. ಗಂಡ ತೀರಿಕೊಂಡ ವರ್ಷ ಈ ದುರ್ಬೀನು ಕೊಂಡದ್ದಂತೆ. ಮೊದಮೊದಲು ಚಂದ್ರನನ್ನು ನೋಡುತ್ತಿದ್ದರಂತೆ. ಚಂದ್ರ ದಿನಾ ಅದೇ ಎನಿಸಿ ಛಾವಣಿಯ ಕಡೆ ತಿರುಗಿಸಿದಾಗ ಒಂದು ಹಕ್ಕಿಯ ಕಾಲಿನಲ್ಲಿ ಬಣ್ಣ ಕಂಡಿತಂತೆ. ಇಷ್ಟು ಹೇಳಿ, ಬಾ ಇಲ್ಲಿ ಎಂದು ಅವಳನ್ನು ದುರ್ಬೀನಿನ ಹತ್ತಿರ ಕರೆದರು. ಛಾವಣಿಯಂಚಿನ ತುದಿಯಲ್ಲಿ ಒಂದು ಹಕ್ಕಿ ಒಂಟಿಕಾಲಲ್ಲಿ ನಿಂತಿತ್ತು. ಯಾಕಮ್ಮ ಕಣ್ಣಿಟ್ಟು, ಪಾದದಿಂದ ಶುರುಮಾಡಿ ಓದಿದಳು: ಹಳದಿ, ಬಿಳಿ, ನೀಲಿ. ಡಾಕ್ಟರಮ್ಮ ಅವಳನ್ನು ಸರಿಸಿ ತಾವು ನೋಡಿದರು.

“ಏನಮ್ಮ ನೀನು, ಕಣ್ಣು ಸರಿ ಇಲ್ವಾ? ನೀಲಿ, ಬಿಳಿ, ಹಳದಿ.”

ಹೇಳಿ ಮುಗಿಸುವಷ್ಟರಲ್ಲಿ ಅವರಿಗೂ ಹೊಳೆಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾಕಮ್ಮ ಚೀಲದಿಂದ ಕಂಪ್ಯೂಟರು ತೆಗೆದು, ಡಾಕ್ಟರಮ್ಮನ ಸಾಲುಗಳಲ್ಲಿ ಜೋಡಿ ಸಿಕ್ಕಿದ್ದ ಆ ಕೆಲವನ್ನು ಹುಡುಕಿದಳು. ಕೆಂಪು, ಹಸಿರು, ಕೆಂಪು. ಬಿಳಿ, ಕಪ್ಪು, ಬಿಳಿ. ಎಲ್ಲವೂ ಹಾಗೆಯೇ: ಕಿಟಕಿ ಎಂಬ ಮಾತನ್ನು ಯಾವ ಕಡೆಯಿಂದ ಓದಿದರೂ ಕಿಟಕಿಯೇ ಆಗುವಂತೆ, ಮೇಲಿನಿಂದ ಓದಿದರೂ ಕೆಳಗಿನಿಂದ ಓದಿದರೂ ಒಂದೇ ಆಗುವ ಬಣ್ಣಗಳು. ನಿರ್ದೇಶಕರು ಒಂದೇ ಕಾಲಿಗೆ ಅದೇ ಬಣ್ಣವನ್ನು ಎರಡು ಸಲ ಹಾಕುವುದು ಅಪರೂಪ, ಹಾಗಾಗಿ ಅಂಥ ಹಕ್ಕಿಗಳೂ ಅಪರೂಪ. ಒಂದರ ಸಾಲನ್ನು ತಿರುಗಿಸಿ ಇನ್ನೊಂದಕ್ಕೆ ತೊಡಿಸುವ ಪದ್ಧತಿಯೂ ಅವರಲ್ಲಿರಲಿಲ್ಲ. ಉಳಿದವೆಲ್ಲ ತಿರುವುಮುರುವಾಗಿ ಬಂದು, ತಮ್ಮ ಜೋಡಿ ಗುರುತು ಸಿಗದೆ ಆಚೆ ಬಿದ್ದಿದ್ದವು.

ಕುರ್ಚಿಯಿಂದ ಭಾವ ಬಾಯಿ ತೆರೆದುಕೊಂಡೇ ಏನೋ ಅಂದ. ಇಬ್ಬರಿಗೂ ಅವನ ನೆನಪಾಯಿತು. ಡಾಕ್ಟರಮ್ಮ ಮುಸುಕು ಏರಿಸಿಕೊಂಡು ಬಂದು, ಆ ಉತ್ಸಾಹದಲ್ಲೇ ಹಲ್ಲು ಎಷ್ಟು ಹಗುರವಾಗಿ ಕಿತ್ತರೆಂದರೆ, ಹೊರಗೆ ಬಂದ ಮೇಲೆ ಭಾವ ಹತ್ತಿ ಕಚ್ಚಿಕೊಂಡೇ ಅವರನ್ನು ಹೊಗಳಿದ.

ಸೋಮವಾರ ಯಾಕಮ್ಮ ಕ್ವೆರಿಯನ್ನು ತಿದ್ದಿದಳು. ಈ ಒಬ್ಬರು ಕಳಿಸಿದ ಸಾಲುಗಳ ಬಣ್ಣಗಳನ್ನು ಕೊನೆಯಿಂದ ಮೊದಲಿಗೆ ತಿರುಗಿಸಿಕೋ, ಆಮೇಲೆ ಜೋಡಿಸು. ಒತ್ತಿದಳು. ಅಲ್ಲಿಯವರೆಗೆ ಖಾಲಿ ಇದ್ದ ಜಾಗಗಳಲ್ಲಿ ಹುಟ್ಟಿದ ವರ್ಷ, ಗೂಡಿನ ಜಾಗ, ತಾಯಿಯ ಬಣ್ಣ ಬಂದು ಕೂತವು. ಪುಟ ಇಳಿಸಿದಷ್ಟೂ ಹಕ್ಕಿಗಳು. ಸತ್ತವೆಂದು ಬಗೆದ ಮರಿಗಳು ಚಳಿಗಾಲ ಕಳೆಯಲು ಆ ಛಾವಣಿಗೆ ಹೋಗುತ್ತಿದ್ದವು. ಅಲ್ಲಿ ಅವನ್ನು ದುರ್ಬೀನಿಟ್ಟು ನೋಡುವವರು ಒಬ್ಬರೇ ಇದ್ದರು.

ನಿರ್ದೇಶಕರು ಅವಳ ಹಿಂದೆ ಬಂದು ನಿಂತು ನೋಡಿದರು. ಅವರ ಮುಖದಲ್ಲಿ ಆಸೆ ಇತ್ತು, ಆದರೆ ಆಸೆಗೆ ಸೋಲುವ ಮನುಷ್ಯರಲ್ಲ. ಬಣ್ಣ ಹಿಂದುಮುಂದು ಮಾಡಿದರೆ ಏನಾದರೊಂದು ಹಕ್ಕಿ ಸಿಕ್ಕೇ ಸಿಗುತ್ತದೆ, ಸಿಕ್ಕಿತೆಂದ ಮಾತ್ರಕ್ಕೆ ಅದೇ ಹಕ್ಕಿ ಎನ್ನುವುದು ಹೇಗೆ ಎಂದು ಕೇಳಿದರು. ಸ್ವಲ್ಪ ಯೋಚಿಸಿ ಅವರೇ ದಾರಿ ಹೇಳಿದರು.

“ಹುಟ್ಟೋಕೆ ಮುಂಚೆನೇ ಕಂಡಿರೋ ಹಕ್ಕಿ ಒಂದಾದ್ರೂ ಇದೆಯಾ ನೋಡು. ಸುಮ್ನೆ ಅದೃಷ್ಟಕ್ಕೆ ಹೊಂದಿದ್ದಾದ್ರೆ ಅಂಥವು ಇದ್ದೇ ಇರುತ್ತೆ.”

ಅದು ತನಗೆ ಹೊಳೆಯಲಿಲ್ಲವಲ್ಲ ಎಂದು ಯಾಕಮ್ಮನಿಗೆ ಬೆರಗು. ಕಂಡ ದಿನ ಹುಟ್ಟಿದ ವರ್ಷಕ್ಕಿಂತ ಹಿಂದಿನದಾಗಿರುವ ಸಾಲುಗಳನ್ನು ಕೊಡು ಎಂದು ಬರೆದಳು. ಒಂದೂ ಬರಲಿಲ್ಲ. ನಿರ್ದೇಶಕರು ಕುಂಟುವ ಹಕ್ಕಿಯ ಸಾಲನ್ನು ತೋರಿಸು ಎಂದರು. ತೋರಿಸಿದಳು. ಅವರು ಅದರ ಬಣ್ಣ ಓದಿ, ಹತ್ತಿರದ ಕುರ್ಚಿ ಎಳೆದುಕೊಂಡು ಕೂತರು. ಆ ಮರಿಯ ಬಲಗಾಲು ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಬಿಡಿಸಿದ್ದು ನಾನೇ, ಇದು ಉಳಿಯುವುದಿಲ್ಲ ಎಂದುಕೊಂಡೇ ಬಳೆ ಹಾಕಿದ್ದೆ ಎಂದರು. ಆಮೇಲೆ ತಮ್ಮ ಕೋಣೆಗೆ ಹೋಗಿ ಮೊಟ್ಟೆ ಸಾಗಿಸುವ ಶಿಫಾರಸಿನ ಪುಟಗಳನ್ನು ಹೊಡೆದುಹಾಕಿ, ಆ ಜಾಗಕ್ಕೆ ಹೊಸದಾಗಿ ಬರೆಯತೊಡಗಿದರು. ಸುದ್ದಿ ಕಳಿಸುವ ಪುಟಕ್ಕೆ “ಪಾದದಿಂದ ಮೇಲಕ್ಕೆ ಓದಿ” ಎಂಬ ಮಾತನ್ನು ಅಂದೇ ಸೇರಿಸಲು ಹೇಳಿದರು.

ಡಾಕ್ಟರಮ್ಮನಿಗೆ ಉತ್ತರಗಳು ಒಟ್ಟಿಗೇ ಹೋದವು, ಇಷ್ಟು ವರ್ಷದ್ದೂ. ಎರಡು ದಿನ ಅವರಿಂದ ಸುದ್ದಿಯಿಲ್ಲ. ಮೂರನೆಯ ದಿನ ಮಧ್ಯಾಹ್ನ ಫೋನ್ ಬಂತು. ಎಲ್ಲವನ್ನೂ ಓದಿದ್ದೇನೆ, ಕೆಲವನ್ನು ಎರಡು ಸಲ ಓದಿದ್ದೇನೆ ಎಂದರು. ಆಮೇಲೆ ಕೇಳಿದ್ದು ಕುಂಟುವ ಹಕ್ಕಿಯ ವಿಷಯ.

“ಅದರ ತಾಯಿಯ ಬಣ್ಣ ಬರೆದಿದೀರಲ್ಲ, ಆ ತಾಯಿ ಈಗ ಇದೆಯಾ?”

ಯಾಕಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಎದುರಾದರೆ ಅವಳಿಗೆ ಆಗುತ್ತಿದ್ದ ಆ ಹಳೆಯ ಪುಳಕ ಈಗಲೂ ಆಯಿತು. ತಾಯಿಗಾಗಿ ಬೇರೆ ಟೇಬಲ್ ಇಲ್ಲ. ತಾಯಿಯೂ ಒಂದು ಕಾಲದಲ್ಲಿ ಮರಿಯೇ, ಅದೇ ಟೇಬಲ್‌ನಲ್ಲಿ ಬೇರೆಲ್ಲೋ ಕೂತಿರುತ್ತದೆ. ಹಾಗಾದರೆ ಒಂದೇ ಟೇಬಲ್ಲನ್ನು ಎರಡು ಸಲ ಕರೆದು, ಒಂದಕ್ಕೆ ಮರಿ ಎಂದೂ ಇನ್ನೊಂದಕ್ಕೆ ತಾಯಿ ಎಂದೂ ಹೆಸರಿಟ್ಟು, ಅದನ್ನು ಅದಕ್ಕೇ ಜೋಡಿಸಬಹುದಲ್ಲ ಎಂದು ಅವಳಿಗೆ ಹೊಳೆಯಿತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಬರೆದಳು. ತಾಯಿಯ ಸಾಲು ಬಂತು. ಅದಕ್ಕೆ ಕಂಡವರ ಟೇಬಲ್ಲನ್ನೂ ಸೇರಿಸಿದಳು.

“ಡಾಕ್ಟ್ರೇ, ತಾಯಿನ ನೀವೇ ನೋಡಿದೀರಿ. ಈ ಚಳಿಗಾಲದಲ್ಲೇ. ಮಗಳು ಕಂಡ ದಿನಾನೇ, ಅದೇ ಛಾವಣಿ ಮೇಲೆ.”

ಆ ಕಡೆ ಕುರ್ಚಿ ಸರಿದದ್ದು ಕೇಳಿಸಿತು, ಹಿಂದೆ ಯಾರೋ ರೋಗಿ ಕೆಮ್ಮಿದ್ದೂ ಕೇಳಿಸಿತು. ಡಾಕ್ಟರಮ್ಮ ದುರ್ಬೀನಿನ ಹತ್ತಿರ ಹೋಗಿರಬೇಕು.

“ಪಕ್ಕಪಕ್ಕದಲ್ಲೇ ಕೂರ್ತಾವೆ ಆ ಎರಡೂ,” ಎಂದರು ಕೊನೆಗೆ. “ಜಗಳ ಆಡ್ತಾ ಇರ್ತಾವೆ. ನಾನು ಗಂಡ ಹೆಂಡತಿ ಅಂದ್ಕೊಂಡಿದ್ದೆ.” ಮತ್ತೆ ಕೇಳಿದರು: “ಅದರ ತಾಯಿ?”

ಯಾಕಮ್ಮ ಟೇಬಲ್ಲನ್ನು ಮೂರನೆಯ ಸಲ ಕರೆದಳು. ಆ ಜಾಗ ಖಾಲಿ ಬಂತು. ಆಗ ದ್ವೀಪದಲ್ಲಿ ಬಳೆ ತೊಡಿಸುವುದು ಇನ್ನೂ ಶುರುವಾಗಿರಲಿಲ್ಲ. ಅದನ್ನೇ ಹೇಳಿದಳು. ಹಾಗಿದ್ದರೆ ಮೊಮ್ಮಕ್ಕಳ ಕಡೆಯಿಂದ ನೋಡು, ಕುಂಟಿಗೆ ಮರಿಗಳಾಗಿವೆಯಾ ಎಂದರು ಡಾಕ್ಟರಮ್ಮ. ಯಾಕಮ್ಮ ಕ್ವೆರಿಯನ್ನು ಆ ಕಡೆಗೆ ತಿರುಗಿಸುತ್ತ, ಒಂದು ನಿಮಿಷ ಇರಿ ಎಂದಳು. ಇರುತ್ತೇನೆ, ನಿಧಾನವಾಗಿ ನೋಡು ಎಂದರು ಅವರು.